ಊರಿನ ಆರೋಗ್ಯಕ್ಕೆ ರೊಕ್ಕ ಹಾಕುವ ಮುಂಚೆ: ಆಂಬುಲೆನ್ಸ್, ವ್ಯಾನ್, ಕ್ಲಿನಿಕ್, ಉಪಕೇಂದ್ರ – ಯಾವುದು ಬಾಳಿಕೆ ಬರುತ್ತದೆ?

ತೊಗರಿ ರಾಶಿ ಮುಗಿದು ಕೈಯಲ್ಲಿ ಒಂದಿಷ್ಟು ಕಾಸು ಆಡುವ ಹೊತ್ತಿಗೆ ನನಗೆ ಇಂಥ ಫೋನ್ ಬರುತ್ತವೆ. ಈ ಸಲ ಮಾಡಿದ್ದು ಚಿತ್ತಾಪುರ ತಾಲ್ಲೂಕಿನ ಒಂದು ಊರಿನ ಹುಡುಗರು. "ಸರ್, ಬೆಂಗಳೂರು, ಪುಣೆಯಾಗ ಇರೋರೆಲ್ಲ ಕೂಡಿ 12 ಲಕ್ಷ ಜಮಾ ಮಾಡೀವ್ರಿ. ಊರಿಗೆ ದವಾಖಾನಿದು ಏನರ ಒಂದು ವ್ಯವಸ್ಥಾ ಮಾಡಬೇಕಂತ ಅದ. ಕೆಲವ್ರು ಆಂಬುಲೆನ್ಸ್ ಅಂತಾರ, ಕೆಲವ್ರು ಕ್ಲಿನಿಕ್ ಅಂತಾರ. ಹಿರಿಯರು ಜಾತ್ರಿಗೆ ದೊಡ್ಡ ಶಿಬಿರ ಮಾಡ್ರಿ ಅಂತಾರ. ಏನ್ ಮಾಡೋಣ್ರಿ?"

ಇದೇ ಪ್ರಶ್ನೆಯನ್ನು ಗ್ರಾಮ ಪಂಚಾಯಿತಿ ಸದಸ್ಯರು ಕೇಳಿದ್ದಾರೆ. ಸ್ವಸಹಾಯ ಸಂಘದ ಅಕ್ಕಂದಿರು ಕೇಳಿದ್ದಾರೆ. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯ ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿ ಸಮಾಜದ ಕೆಲಸಕ್ಕೆ ಎತ್ತಿಡುವ ಹಣ, ತರಬಹುದು ಅಂದುಕೊಂಡವರೂ ಕೇಳಿದ್ದಾರೆ. ಕಲಬುರಗಿ, ಯಾದಗಿರಿ ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡಿಕೊಂಡು ಬಂದವನು ನಾನು. ಚೆನ್ನಾಗಿ ಶುರುವಾಗಿ ಎರಡೇ ವರ್ಷಕ್ಕೆ ಬಾಗಿಲು ಹಾಕಿದ್ದನ್ನೂ ನೋಡಿದ್ದೇನೆ, ಸಣ್ಣದಾಗಿ ಶುರುವಾಗಿ ಇವತ್ತಿಗೂ ನಡೆಯುತ್ತಿರುವುದನ್ನೂ ನೋಡಿದ್ದೇನೆ. ಹಾಗಾಗಿ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಯಾವುದನ್ನು ತೂಗಬೇಕು?

ಎಲ್ಲಕ್ಕಿಂತ ಮೊದಲು ಒಂದು ಮಾತು ಕೇಳಿಕೊಳ್ಳಿ: ಮೂರನೇ ವರ್ಷದ ಸಂಬಳ ಯಾರು ಕೊಡುತ್ತಾರೆ? ನಮ್ಮ ಭಾಗದಲ್ಲಿ ಕಟ್ಟಡಕ್ಕೆ, ಗಾಡಿಗೆ, ಮಷಿನ್‌ಗೆ ದುಡ್ಡು ಹುಟ್ಟಿಸುವುದು ಅಷ್ಟು ಕಷ್ಟವಲ್ಲ. ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಶಾಸಕರ ಮೂಲಕ ಕಟ್ಟಡದ ಕೆಲಸ ಹಾಕಿಸಬಹುದು. ಕಷ್ಟ ಇರುವುದು ತಿಂಗಳು ತಿಂಗಳು ಬರುವ ಖರ್ಚಿನಲ್ಲಿ. ನರ್ಸ್ ಸಂಬಳ, ಗುಳಿಗೆ, ಡೀಸೆಲ್, ಕರೆಂಟ್ ಬಿಲ್. ಇದಕ್ಕೆ ಯಾರೂ ಹೆಸರಿನ ಫಲಕ ಹಾಕಿಸುವುದಿಲ್ಲ, ಆದರೆ ವ್ಯವಸ್ಥೆ ಸಾಯುವುದು ಇಲ್ಲೇ. ಒಂದು ಊರಿನಲ್ಲಿ ದಾನಿಗಳು ಕೊಟ್ಟ ಶುಗರ್ ಮಷಿನ್ ಬೀರುವಿನಲ್ಲಿ ಹೊಸದರ ಹಾಗೆ ಕೂತಿತ್ತು. ಡಬ್ಬಿಯೊಳಗೆ ರಕ್ತದ ಹನಿ ಹಾಕುವ ಸ್ಟ್ರಿಪ್ ಇರಲಿಲ್ಲ. ಮೊದಲ ಡಬ್ಬಿ ಮಷಿನ್ ಜೊತೆಗೇ ಬಂದಿತ್ತು, ಎರಡನೆಯದನ್ನು ತರುವವರು ಯಾರು ಅಂತ ಯಾರೂ ಮಾತಾಡಿಕೊಂಡಿರಲಿಲ್ಲ.

ಎರಡನೆಯದು, ನಿಮ್ಮೂರಿನಲ್ಲಿ ಜನ ಯಾವುದರಿಂದ ನರಳುತ್ತಿದ್ದಾರೆ? ನಾವೆಲ್ಲ ಯೋಚನೆ ಮಾಡುವುದು ರಾತ್ರಿ ಹೊತ್ತಿನ ಹೆರಿಗೆ, ಹಾವು ಕಡಿತ, ಆಕ್ಸಿಡೆಂಟ್ ಬಗ್ಗೆ. ಅದೂ ನಿಜವೇ. ಆದರೆ ಸದ್ದಿಲ್ಲದೆ ಮನೆ ಮುರಿಯುತ್ತಿರುವುದು ಬಿಪಿ ಮತ್ತು ಶುಗರ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಬಿಪಿ ಜಾಸ್ತಿ ಇದೆ, ಇಲ್ಲವೇ ಅದಕ್ಕೆ ಔಷಧಿ ತಗೊಳ್ಳುತ್ತಿದ್ದಾರೆ. ನಿಮ್ಮೂರಿನಲ್ಲಿ 3,000 ವಯಸ್ಕರಿದ್ದರೆ ಲೆಕ್ಕ ಹಾಕಿ ನೋಡಿ. ಇವರಿಗೆ ಬೇಕಾಗಿರುವುದು ದೊಡ್ಡ ಡಾಕ್ಟರಲ್ಲ. ಪ್ರತಿ ತಿಂಗಳು ತಪ್ಪದೆ ಸಿಗುವ ಗುಳಿಗೆ.

ಒಂದು ಮಂಗಳವಾರ ಉಪಕೇಂದ್ರದ, ಅಂದರೆ ಊರಿನ ಸಣ್ಣ ಸರ್ಕಾರಿ ದವಾಖಾನೆಯ, ಕಟ್ಟೆ ಮೇಲೆ ಕೂತಿದ್ದೆ. ಒಬ್ಬ ಅಜ್ಜಿ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹತ್ತು ರೂಪಾಯಿಯ ಎರಡು ನೋಟು, ಒಂದಿಷ್ಟು ಎಲೆ-ಅಡಿಕೆ, ಖಾಲಿಯಾದ ಒಂದು ಗುಳಿಗೆ ಚೀಟು. ಚೀಟಿನ ಬೆಳ್ಳಿ ಹಾಳೆ ಹರಿದು ಹೆಸರು ಅರ್ಧ ಮಾತ್ರ ಉಳಿದಿತ್ತು. "ಇದೇ ಗುಳಿಗಿ ಬೇಕ್ರಿ ಯವ್ವಾ, ಮುಗದು ಎರಡ್ ತಿಂಗ್ಳಾತು" ಅಂತ ಸಿಸ್ಟರ್‌ಗೆ ಅಂದಳು. ಆ ದಿನ ಉಪಕೇಂದ್ರದಲ್ಲೂ ಆ ಗುಳಿಗೆ ಇರಲಿಲ್ಲ. ಆ ಮಳೆಗಾಲದಲ್ಲೇ ಅವಳಿಗೆ ಲಕ್ವಾ ಹೊಡೆಯಿತು. ಮಗ ಅಡತಿ ಅಂಗಡಿಯಲ್ಲಿ ಸಾಲ ಮಾಡಿ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದ. ಆ ಚೀಟು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಈ ಬರಹದಲ್ಲಿ ನಾನು ಏನೇ ಹೇಳಿದರೂ ಅದನ್ನು ನೆನಪಿಟ್ಟುಕೊಂಡೇ ಹೇಳುತ್ತಿದ್ದೇನೆ.

ಮೂರನೆಯದು, ಅದೇ ಮುಖ ಮತ್ತೆ ಸಿಗುತ್ತದೆಯೇ? ಬಾಣಂತಿ ಆಗಲಿ, ಟಿಬಿ ಗುಳಿಗೆ ತಗೊಳ್ಳುವವರಾಗಲಿ, ಪ್ರತಿ ಸಲ ಹೊಸಬರ ಮುಂದೆ ಮೊದಲಿನಿಂದ ಕಥೆ ಹೇಳಬೇಕಾದರೆ ಎರಡನೇ ಸಲಕ್ಕೆ ಬರುವುದನ್ನೇ ಬಿಡುತ್ತಾರೆ.

ನಾಲ್ಕನೆಯದು, ಕೂಲಿ ಬಿಡದೆ ಬರಲು ಆಗುತ್ತದೆಯೇ? ತಾಂಡಾದವರಿಗೆ ಎಟುಕುತ್ತದೆಯೇ? ಗುಳೆ ಹೋದವರ ಗತಿ ಏನು? ಐದನೆಯದು, ಈಗಾಗಲೇ ಇರುವ ಸರ್ಕಾರಿ ವ್ಯವಸ್ಥೆಗೆ ಇದು ಜೋಡಿಯಾಗುತ್ತದೆಯೇ, ಅಥವಾ ಅದಕ್ಕೆ ಪೈಪೋಟಿಯಾಗಿ ಒಬ್ಬಂಟಿ ನಿಲ್ಲುತ್ತದೆಯೇ?

ಇನ್ನು ಒಂದೊಂದನ್ನೇ ನೋಡೋಣ. ಕೆಳಗಿನ ಖರ್ಚುಗಳೆಲ್ಲ ನಾನು ಅಂದಾಜಿಗೆ ಹಿಡಿದವು. ನಿಮ್ಮೂರಿನ ದರ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

ಜಾತ್ರೆಯ ಶಿಬಿರ

ಶಿಬಿರಕ್ಕೆ ಖರ್ಚು ಕಡಿಮೆ, ಜನ ಜಾಸ್ತಿ, ಫೋಟೋ ಚೆನ್ನಾಗಿ ಬರುತ್ತದೆ. ಕಣ್ಣಿನ ಪೊರೆ ತಪಾಸಣೆಗೆ ಶಿಬಿರ ನಿಜವಾಗಿಯೂ ಒಳ್ಳೆಯದು. ಆಪರೇಷನ್ ಒಂದು ಸಲ ಆದರೆ ಮುಗಿಯಿತು, ಅಜ್ಜನಿಗೆ ಕಣ್ಣು ಬಂತು. ಆದರೆ ಬಿಪಿ-ಶುಗರ್‌ಗೆ ಶಿಬಿರ ಮಾಡಿ, ಹದಿನೈದು ದಿನದ ಗುಳಿಗೆ ಕೊಟ್ಟು ಕಳಿಸಿದರೆ ಹದಿನಾರನೇ ದಿನ ಏನು? ಇನ್ನೊಂದು ವಿಷಯ. ರಾಶಿ ಮುಗಿದ ಮೇಲೆ, ಫೆಬ್ರುವರಿಯಿಂದ ಮಳೆ ಬೀಳುವವರೆಗೆ, ನಮ್ಮ ಎಷ್ಟೋ ಊರುಗಳಲ್ಲಿ ದುಡಿಯುವವರು ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಆಗ ಶಿಬಿರ ಇಟ್ಟರೆ ಬರುವವರು ಮುದುಕರು ಮತ್ತು ಮಕ್ಕಳು ಮಾತ್ರ.

ಶಿಬಿರ ಮಾಡಲೇಬೇಕು ಅಂದರೆ ಕಣ್ಣು, ಹಲ್ಲು, ಕಿವಿಗೆ ಮಾಡಿ. ಬಿಪಿ-ಶುಗರ್ ನೋಡಿಸುವುದಾದರೆ ಪತ್ತೆಯಾದವರ ಪಟ್ಟಿ ಅವತ್ತೇ ಸಂಜೆ ಉಪಕೇಂದ್ರದ ಸಿಸ್ಟರ್ ಕೈಗೆ ಹೋಗಬೇಕು. ಪಟ್ಟಿ ಹೋಗದಿದ್ದರೆ ಆ ದಿನದ ಕೆಲಸಕ್ಕೆ ಮರುದಿನ ಬೆಲೆ ಇಲ್ಲ.

ಆಂಬುಲೆನ್ಸ್

ಹುಡುಗರಿಗೆ ಇದರ ಮೇಲೆಯೇ ಮನಸ್ಸು ಜಾಸ್ತಿ. ಯಾಕೆ ಅಂತಲೂ ಗೊತ್ತು. ಪ್ರತಿ ಊರಿನಲ್ಲೂ ಗಾಡಿ ಸಿಗದೆ ಹೋದ ಒಂದು ಜೀವದ ನೆನಪು ಇರುತ್ತದೆ.

ಆದರೂ ಕೂತು ಲೆಕ್ಕ ಮಾಡಿ. ಆಂಬುಲೆನ್ಸ್ ಅಂದರೆ 24 ಗಂಟೆ. ಒಬ್ಬ ಡ್ರೈವರ್ ಸಾಲುವುದಿಲ್ಲ, ಮೂವರು ಬೇಕು. ತಲಾ 15,000 ಅಂದರೂ ತಿಂಗಳಿಗೆ 45,000. ಡೀಸೆಲ್, ಇನ್ಶೂರೆನ್ಸ್, ಟಯರ್, ಫಿಟ್‌ನೆಸ್ ಎಲ್ಲ ಸೇರಿ 60,000 ದಾಟುತ್ತದೆ. ಗಾಡಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರು ಅಂತಲೇ ಇಟ್ಟುಕೊಳ್ಳಿ, 12 ಲಕ್ಷ ಇಪ್ಪತ್ತು ತಿಂಗಳಿಗೆ ಖಾಲಿ. ಗಾಡಿಯೊಳಗೆ ರೋಗಿಯನ್ನು ನೋಡಿಕೊಳ್ಳುವ ತರಬೇತಿ ಇರುವವರು ಇಲ್ಲದಿದ್ದರೆ ಅದು ಸೈರನ್ ಇರುವ ಒಂದು ಓಮ್ನಿ ಅಷ್ಟೇ. 108 ಸೇವೆ 2008ರಿಂದ ನಡೆಯುತ್ತಿದೆ, ಅದು ಉಚಿತ, ಅದರಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ಅದು ನಿಮ್ಮೂರಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊದಲು ಬರೆದಿಡಿ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಕರೆದಿರಿ, ಎಷ್ಟು ಸಲ ಬಂತು, ಎಷ್ಟು ನಿಮಿಷಕ್ಕೆ ಬಂತು. ನೆನಪಿನ ಮೇಲೆ ತೀರ್ಮಾನ ಮಾಡಬೇಡಿ.

108 ತಡವಾಗುವ ಊರಾದರೆ ಇದಕ್ಕಿಂತ ಅಗ್ಗದ ದಾರಿ ಇದೆ. ಊರಿನಲ್ಲಿ ಕ್ರೂಸರ್, ಬೊಲೆರೊ ಇಟ್ಟುಕೊಂಡವರು ಐದಾರು ಮಂದಿ ಇರುತ್ತಾರೆ. ಅವರ ಜೊತೆ ಮೊದಲೇ ಮಾತಾಡಿ ದರ ಗೊತ್ತು ಮಾಡಿ. ತಾಲ್ಲೂಕು ಆಸ್ಪತ್ರೆಗೆ 2,000 ಅಂತ ಇಟ್ಟುಕೊಳ್ಳಿ. ವಾರಕ್ಕೊಬ್ಬರ ಸರದಿ. ನಂಬರುಗಳನ್ನು ಅಂಗನವಾಡಿ ಗೋಡೆಗೆ, ಕಿರಾಣಿ ಅಂಗಡಿಗೆ ಹಚ್ಚಿ. ಬಾಡಿಗೆಯನ್ನು ನಿಮ್ಮ ನಿಧಿ ಕೊಡಲಿ, ರೋಗಿಯ ಮನೆಯವರು ಆ ಹೊತ್ತಿನಲ್ಲಿ ಜೇಬು ತಡಕಬಾರದು. ತಿಂಗಳಿಗೆ ಐದು ಸಲ ಹೋದರೂ 10,000. ಮೊದಲ ಕರೆ 108ಕ್ಕೇ ಹೋಗಲಿ. ಆಮ್ಲಜನಕ ಬೇಕಾದವರಿಗೆ, ರಕ್ತ ಸುರಿಯುತ್ತಿರುವ ಬಾಣಂತಿಗೆ ಕ್ರೂಸರ್ ಸರಿಯಾದ ಗಾಡಿಯಲ್ಲ. ದಾರಿಯ ಮಧ್ಯೆ 108 ಎದುರಾಗುವ ಹಾಗೆ ಮಾತಾಡಿಕೊಂಡು ಹೊರಡಬಹುದು.

ಹಾವಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಗಾಡಿ ಎಷ್ಟೇ ಜೋರಾಗಿ ಓಡಿದರೂ ಮುಟ್ಟಿದ ಕಡೆ ವಿಷಕ್ಕೆ ಮದ್ದು ಇಲ್ಲದಿದ್ದರೆ ಏನು ಬಂತು? ನಿಮ್ಮ ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಎಷ್ಟು ಬಾಟಲಿ ಇದೆ, ಇಲ್ಲದಿದ್ದರೆ ಹತ್ತಿರ ಎಲ್ಲಿದೆ ಅಂತ ಮುಂಗಾರು ಬಿತ್ತನೆಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಸಂಚಾರಿ ವ್ಯಾನ್

ಡಾಕ್ಟರ್, ನರ್ಸ್, ಔಷಧಿ ಎಲ್ಲ ಒಂದೇ ಗಾಡಿಯಲ್ಲಿ ಬಾಗಿಲಿಗೇ ಬರುತ್ತದೆ. ಚಿಂಚೋಳಿಯ ಕಾಡಂಚಿನ ತಾಂಡಾಗಳಿಗೆ, ಕೃಷ್ಣಾ ದಂಡೆಯಲ್ಲಿ ದೂರ ದೂರ ಚದುರಿದ ಊರುಗಳಿಗೆ ಇದು ನಿಜಕ್ಕೂ ಉಪಯೋಗದ್ದು. ಆದರೆ ಖರ್ಚು? ಡಾಕ್ಟರಿಗೆ 70,000, ನರ್ಸ್‌ಗೆ 20,000, ಫಾರ್ಮಸಿಸ್ಟ್‌ಗೆ 18,000, ಡ್ರೈವರಿಗೆ 15,000, ಡೀಸೆಲ್ 25,000, ಔಷಧಿ 40,000. ತಿಂಗಳಿಗೆ 1,88,000. ವರ್ಷಕ್ಕೆ 22 ಲಕ್ಷದ ಮೇಲೆ, ಅದೂ ಗಾಡಿ ಬಿಟ್ಟು. ಒಂದು ಊರಿನಿಂದ ಆಗುವ ಮಾತಲ್ಲ. ಕಾರ್ಖಾನೆಯೋ ದೊಡ್ಡ ಸಂಸ್ಥೆಯೋ ಐದು ವರ್ಷಕ್ಕೆ ಬರೆದುಕೊಟ್ಟು ಇಪ್ಪತ್ತು ಹಳ್ಳಿಗೆ ಹಂಚಿದರೆ ಮಾತ್ರ ತಾಳುತ್ತದೆ.

ವ್ಯಾನಿನ ಗುಣ ನಿಂತಿರುವುದು ಗಡಿಯಾರದ ಮೇಲೆ. ನಾನು ನೋಡಿದ ಒಂದು ವ್ಯಾನ್ ಗುರುವಾರ ಹನ್ನೊಂದಕ್ಕೆ ಬರುತ್ತಿತ್ತು. ತೊಗರಿ ಕೊಯ್ಲಿನ ಕಾಲದಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬುತ್ತಿ ಕಟ್ಟಿಕೊಂಡು ಏಳಕ್ಕೇ ಹೊಲಕ್ಕೆ ಹೋಗಿರುತ್ತಾರೆ. ಹನ್ನೊಂದಕ್ಕೆ ಊರಲ್ಲಿ ಯಾರಿದ್ದಾರೆ? ಡಾಕ್ಟರು ಎರಡು ಗಂಟೆ ಕೂತು ಎಂಟು ಜನರನ್ನು ನೋಡಿ ಹೋಗುತ್ತಿದ್ದರು. ಸಾಲದ್ದಕ್ಕೆ ಗುರುವಾರ ಅಂದರೆ ಸಿಸ್ಟರ್‌ಗೆ ಲಸಿಕೆ ದಿನ, ಅವರಿಗೂ ಬಿಡುವಿಲ್ಲ. ವಾರ ಬದಲಿಸಿ, ಬೆಳಿಗ್ಗೆ ಆರೂವರೆಗೋ ಸಂಜೆ ಆರಕ್ಕೋ ಬರುವ ಹಾಗೆ ಮಾಡಿದ್ದರೆ ಅದೇ ಖರ್ಚಿನಲ್ಲಿ ಎಷ್ಟೋ ಪಟ್ಟು ಜನರಿಗೆ ಸಿಗುತ್ತಿತ್ತು. ನಿಮ್ಮ ಊರಿಗೆ ವ್ಯಾನ್ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಮೊದಲು ಕೇಳಬೇಕಾದ್ದು ವೇಳೆ.

ನಮ್ಮದೇ ಒಂದು ಕ್ಲಿನಿಕ್

ಟ್ರಸ್ಟ್ ಮಾಡಿಕೊಂಡು, ವಾರಕ್ಕೆರಡು ಸಲ ಪಟ್ಟಣದಿಂದ ಡಾಕ್ಟರನ್ನು ಕರೆಸುವುದು ಇನ್ನೊಂದು ಆಸೆ. ಇದರ ದೊಡ್ಡ ಲಾಭ ಅಂದರೆ ಹತೋಟಿ ನಿಮ್ಮ ಕೈಯಲ್ಲಿರುತ್ತದೆ. ವೇಳೆ ನಿಮ್ಮದು, ಔಷಧಿ ನಿಮ್ಮದು, ಬೋರ್ಡೂ ನಿಮ್ಮದು.

ತಿಂಗಳಿಗೆ ಎಂಟು ಸಲ ಡಾಕ್ಟರು ಬಂದರೆ, ಸಲಕ್ಕೆ 3,000 ಹಿಡಿದು 24,000. ನರ್ಸ್ 18,000, ಸಹಾಯಕರು 8,000, ಬಾಡಿಗೆ-ಕರೆಂಟ್ 6,000, ಔಷಧಿ 30,000, ಆಸ್ಪತ್ರೆ ಕಸದ ವಿಲೇವಾರಿ ಮತ್ತಿತರ 3,000. ಒಟ್ಟು 89,000. ರೋಗಿಗೆ 30 ರೂಪಾಯಿ ಇಟ್ಟು, ದಿನಕ್ಕೆ 30 ಜನ ಬಂದರೂ ವಾಪಸ್ ಬರುವುದು 7,200. ಉಳಿದದ್ದು ಪ್ರತಿ ತಿಂಗಳು ಹೊರಗಿನಿಂದ ಬರಬೇಕು. ಫೀಸು 200 ಮಾಡಿದರೆ ಲೆಕ್ಕ ಸ್ವಲ್ಪ ಕೂಡುತ್ತದೆ, ಆದರೆ ಯಾರಿಗಾಗಿ ತೆರೆದಿದ್ದೀರೋ ಅವರು ಬಾಗಿಲಿಗೆ ಬರುವುದಿಲ್ಲ. ಇದರ ಜೊತೆಗೆ ಖಾಸಗಿ ದವಾಖಾನೆಗಳಿಗೆ ಇರುವ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು, ಕಸದ ವಿಲೇವಾರಿಗೆ ಅನುಮತಿ ಬೇಕು, ಔಷಧಿ ಅಂಗಡಿ ಇಟ್ಟರೆ ಲೈಸೆನ್ಸು ಮತ್ತು ಫಾರ್ಮಸಿಸ್ಟ್ ಬೇಕು.

ಆದರೂ ದೊಡ್ಡ ತೊಂದರೆ ಬೇರೆ. ಆ ಒಬ್ಬ ಡಾಕ್ಟರಿಗೆ ಪಿಜಿ ಸೀಟು ಸಿಕ್ಕಿತು, ಇಲ್ಲವೇ ಮದುವೆಯಾಗಿ ಹೈದರಾಬಾದಿಗೆ ಹೋದರು ಅಂದರೆ ಕ್ಲಿನಿಕ್ ನಿಂತಿತು. ಅವರದೇನೂ ತಪ್ಪಿಲ್ಲ. ಒಬ್ಬರ ಮೇಲೆ ನಿಂತಿದ್ದು ಒಬ್ಬರ ಜೊತೆಯೇ ಹೋಗುತ್ತದೆ. ಹಾಗಾಗಿ ಐದಾರು ಊರು ಕೂಡಿ, 15–20 ಸಾವಿರ ಜನಸಂಖ್ಯೆ ಆಗಿ, ಪಿಎಚ್‌ಸಿ ತುಂಬಾ ದೂರ ಇದ್ದು, ಕನಿಷ್ಠ 40 ಲಕ್ಷದ ಠೇವಣಿ ಕೈಯಲ್ಲಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ ಅಂತ ನಾನು ಹೇಳುತ್ತೇನೆ.

ಕಾರ್ಡ್ ಮಾಡಿಸುವುದು

ಇದನ್ನು ಬೇರೆ ಆಯ್ಕೆ ಅಂತ ನೋಡಬೇಡಿ, ಯಾವುದನ್ನು ಆರಿಸಿದರೂ ಇದನ್ನು ಮಾಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದು ಗೊತ್ತಿಲ್ಲದೆ ನೇರವಾಗಿ ಖಾಸಗಿಗೆ ಹೋಗಿ ಹೊಲ ಅಡ ಇಟ್ಟವರನ್ನು ಕಂಡಿದ್ದೇನೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯಿತು. ನಡುವಿನ ಆ ವರ್ಷಗಳಲ್ಲಿ ಅದನ್ನೇ ನಂಬಿಕೊಂಡಿದ್ದವರು ಏನು ಮಾಡಿದರು ಅಂತ ನಿಮ್ಮೂರಿನ ಸೊಸೈಟಿ ಸೆಕ್ರೆಟರಿಯನ್ನು ಕೇಳಿ. ಕಾರ್ಡ್ ದೊಡ್ಡ ಖರ್ಚನ್ನು ತಡೆಯುತ್ತದೆ. ಆದರೆ ಕಾರ್ಡ್ ಇದೆ ಅಂತ ಅಜ್ಜಿಯ ಬಿಪಿ ಇಳಿಯುವುದಿಲ್ಲ.

ಇರುವ ಉಪಕೇಂದ್ರಕ್ಕೆ ಹೆಗಲು ಕೊಡುವುದು

ನನ್ನ ಮನಸ್ಸು ಇರುವುದು ಇಲ್ಲಿ. ಮುಚ್ಚಿಟ್ಟು ಹೇಳುವುದಿಲ್ಲ.

ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪಿಎಚ್‌ಸಿ, ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ. ಇದು ಸರ್ಕಾರದ ಲೆಕ್ಕ. 2018ರಿಂದ ಉಪಕೇಂದ್ರಗಳನ್ನು ಮೇಲ್ದರ್ಜೆಗೆ ಏರಿಸುತ್ತಾ ಬಂದಿದ್ದಾರೆ. ಈಗ ಬೋರ್ಡ್ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಇರುತ್ತದೆ. ಹಳೆಯ ಸಿಸ್ಟರ್ ಜೊತೆಗೆ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಇರುತ್ತಾರೆ. ನಿಯಮದ ಪ್ರಕಾರ ಅಲ್ಲಿ 105 ಬಗೆಯ ಔಷಧಿ, 14 ಬಗೆಯ ಪರೀಕ್ಷೆ ಇರಬೇಕು. ಪಿಎಚ್‌ಸಿಯಲ್ಲಿ 172 ಔಷಧಿ, 63 ಪರೀಕ್ಷೆ. ನಿಮ್ಮೂರಿನಲ್ಲಿ ಇದರಲ್ಲಿ ಎಷ್ಟಿದೆ ಅಂತ ಯಾವತ್ತಾದರೂ ನೋಡಿದ್ದೀರಾ?

ಇಲ್ಲಿ ಸಂಬಳ ಕೊಡುವುದು ಸರ್ಕಾರ. ಅಂದರೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಹುಡುಗರ ರೊಕ್ಕ ಹೋಗಬೇಕಾದ್ದು ಬಿಟ್ಟುಹೋದ ಜಾಗಗಳಿಗೆ. ಆ ಜಾಗಗಳು ಎಷ್ಟು ಸಣ್ಣವು ಅಂದರೆ ಹೇಳಿದರೆ ನಂಬುವುದಿಲ್ಲ. ಒಂದು ಉಪಕೇಂದ್ರದಲ್ಲಿ ಗರ್ಭಿಣಿಯರು ಮೂತ್ರ ಪರೀಕ್ಷೆಗೆ ಒಪ್ಪುತ್ತಿರಲಿಲ್ಲ. ಸಿಸ್ಟರ್ ಎಷ್ಟು ಹೇಳಿದರೂ "ನಾಳಿ ಕೊಡ್ತೀವ್ರಿ" ಅನ್ನುತ್ತಿದ್ದರು. ಕಾರಣ, ಪಾಯಿಖಾನೆಗೆ ಬಾಗಿಲು ಇರಲಿಲ್ಲ. ಬಾಗಿಲು ಹಾಕಿಸಿ, ಮೇಲೆ ನೀರಿನ ಟ್ಯಾಂಕ್ ಇಟ್ಟ ಮೇಲೆ ಆ ಸಮಸ್ಯೆ ಹೋಯಿತು. ಕೆಲವು ಸಾವಿರದ ಕೆಲಸ. ಇನ್ನೊಂದು ಕಡೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಒಳಗೆ ಕೂರಲು ಆಗುತ್ತಿರಲಿಲ್ಲ. ನಮ್ಮ ಬಿಸಿಲು ನಿಮಗೆ ಗೊತ್ತಲ್ವಾ, 42 ಡಿಗ್ರಿ ದಾಟಿದ ಮೇಲೆ ತಗಡಿನ ಕೆಳಗೆ ಬಾಣಂತಿ ಹೇಗೆ ಕೂರಬೇಕು? ಛಾವಣಿ ಮೇಲೆ ಸೋಲಾರ್ ಕೂರಿಸಿದರೆ ಫ್ಯಾನು, ಲೈಟು, ಲ್ಯಾಪ್‌ಟಾಪ್ ಮೂರೂ ಓಡುತ್ತವೆ.

ಲ್ಯಾಪ್‌ಟಾಪ್ ಯಾಕೆ ಅಂದರೆ ಇ-ಸಂಜೀವಿನಿಗೆ. 2019ರಲ್ಲಿ ಶುರುವಾದ ಸರ್ಕಾರಿ ಟೆಲಿ-ವೈದ್ಯ ಸೇವೆ ಇದು. ಉಪಕೇಂದ್ರದಲ್ಲಿ ಸಿಎಚ್‌ಒ ಪಕ್ಕ ಕೂತಿರುತ್ತಾರೆ, ಪರದೆಯಲ್ಲಿ ಡಾಕ್ಟರು ಮಾತಾಡುತ್ತಾರೆ, ಔಷಧಿ ಬರೆಯುತ್ತಾರೆ. ಕೆಲವರು ಇದಕ್ಕೇ ಬೇರೆ ಟೆಲಿಮೆಡಿಸಿನ್ ಕೇಂದ್ರ ತೆರೆಯಬೇಕು ಅನ್ನುತ್ತಾರೆ. ಅಗತ್ಯವಿಲ್ಲ. ಬೇಕಾದದ್ದು ನಿಲ್ಲದ ಇಂಟರ್ನೆಟ್, ನಿಲ್ಲದ ಕರೆಂಟ್, ಪಕ್ಕದಲ್ಲಿ ಕೈ ಹಿಡಿದು ಬಿಪಿ ನೋಡುವ ಒಬ್ಬರು. ಆ ಒಬ್ಬರು ಇಲ್ಲದ ಖಾಲಿ ಕೋಣೆಯ ಪರದೆ ಮುಂದೆ ನಮ್ಮ ಹಳ್ಳಿಯ ಹೆಂಗಸರು ಬಾಯಿ ಬಿಡುವುದಿಲ್ಲ.

ಇನ್ನೊಂದು ಬಿಟ್ಟುಹೋದ ಜಾಗ ಅಂದರೆ ಹಿಂಬಾಲಿಸುವುದು. ಯಾರು ಈ ತಿಂಗಳು ಗುಳಿಗೆಗೆ ಬರಲಿಲ್ಲ, ಯಾಕೆ ಬರಲಿಲ್ಲ. ಆಶಾ ಅಕ್ಕನ ತಲೆ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ ಇದೆ. ಅದೇ ಊರಿನ, ಓದಿದ ಒಬ್ಬ ಹೆಣ್ಣುಮಗಳನ್ನು ತಿಂಗಳಿಗೆ 10,000 ಕೊಟ್ಟು ಇಟ್ಟುಕೊಳ್ಳಿ. ಅವಳು ಔಷಧಿ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಪಟ್ಟಿ ಇಟ್ಟುಕೊಂಡು ಮನೆ ಮನೆಗೆ ಹೋಗುತ್ತಾಳೆ, ಬರದವರನ್ನು ಕರೆದುಕೊಂಡು ಬರುತ್ತಾಳೆ, ಗುಳೆ ಹೊರಟವರಿಗೆ ಮೂರು ತಿಂಗಳ ಗುಳಿಗೆ ಸಿಗುವ ಹಾಗೆ ಸಿಎಚ್‌ಒಗೆ ಮೊದಲೇ ಹೇಳುತ್ತಾಳೆ. ತಾಂಡಾ ಇದ್ದರೆ ಲಂಬಾಣಿ ಮಾತಾಡುವವಳೇ ಇರಲಿ. ಔರಾದ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಬರಲಿ. ಇದು ನನ್ನ ಹೊಸ ಉಪಾಯವೇನಲ್ಲ. ಸೊಲ್ಲಾಪುರ ದಾಟಿ ಮುಂದೆ ಹೋದರೆ ಮಹಾರಾಷ್ಟ್ರದ ಜಾಮಖೇಡ ಸಿಗುತ್ತದೆ. ಅಲ್ಲಿ 1970ರಲ್ಲಿ ಡಾ. ರಜನೀಕಾಂತ್ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿ ಕೆಲಸ ಶುರು ಮಾಡಿದರು. ಓದು ಬರಹ ಅಷ್ಟಾಗಿ ಇಲ್ಲದ ಹಳ್ಳಿ ಹೆಂಗಸರಿಗೇ ತರಬೇತಿ ಕೊಟ್ಟು ಊರಿನ ಆರೋಗ್ಯವನ್ನು ಅವರ ಕೈಗೆ ಕೊಟ್ಟರು. ಅದು ದಶಕಗಳ ಕಾಲ ನಡೆಯಿತು, ಯಾಕೆಂದರೆ ಆ ಹೆಂಗಸರು ಊರು ಬಿಟ್ಟು ಹೋಗುವವರಲ್ಲ. ನಮ್ಮದೇ ರಾಜ್ಯದಲ್ಲಿ ಚಾಮರಾಜನಗರ ಜಿಲ್ಲೆಯ ಗುಂಬಳ್ಳಿ ಪಿಎಚ್‌ಸಿಯನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಅವರು ಪಕ್ಕದಲ್ಲಿ ಬೇರೆ ಆಸ್ಪತ್ರೆ ಕಟ್ಟಲಿಲ್ಲ. ಸರ್ಕಾರದ್ದನ್ನೇ ಚೆನ್ನಾಗಿ ನಡೆಸಿದರು.

ಖರ್ಚು ನೋಡಿ. ಬಾಗಿಲು, ಟ್ಯಾಂಕ್, ಸೋಲಾರ್, ಬೆಂಚು, ಎರಡು ಬಿಪಿ ಮಷಿನ್ ಸೇರಿ ಒಂದು ಸಲಕ್ಕೆ 2 ಲಕ್ಷ. ತಿಂಗಳಿಗೆ ಆ ಹೆಣ್ಣುಮಗಳಿಗೆ 10,000, ಸ್ಟ್ರಿಪ್‌ಗೆ 5,000, ಸರಬರಾಜು ತಡವಾದಾಗ ಬಿಪಿ-ಶುಗರ್ ಗುಳಿಗೆಗೆ 8,000. ಒಟ್ಟು 23,000. ಉಳಿದ 10 ಲಕ್ಷ ಮೂರೂವರೆ ವರ್ಷ ಬರುತ್ತದೆ.

ಕೊರತೆಯೂ ಹೇಳಬೇಕು. ಇಲ್ಲಿ ಹತೋಟಿ ನಿಮ್ಮದಲ್ಲ. ಸಿಎಚ್‌ಒ ವರ್ಗ ಆಗಬಹುದು, ಹುದ್ದೆ ಖಾಲಿ ಬೀಳಬಹುದು. ಒಳ್ಳೆಯ ಸಿಸ್ಟರ್ ಇದ್ದಾಗ ನಡೆದದ್ದು ಅವರು ಹೋದ ಮೇಲೆ ಕುಂಟಬಹುದು. ಅದಕ್ಕೇ ಪಟ್ಟಿ ಊರಿನ ಹೆಣ್ಣುಮಗಳ ಕೈಯಲ್ಲಿರಬೇಕು ಅನ್ನುವುದು. ಮತ್ತೆ, ಕೆಲವು ಕಡೆ ಕಚೇರಿಯವರು ಹೊರಗಿನವರ ದುಡ್ಡು ಅಂದರೆ ಹಿಂದೆಮುಂದೆ ನೋಡುತ್ತಾರೆ. ಉಪಕೇಂದ್ರಕ್ಕೆ ಜನ ಆರೋಗ್ಯ ಸಮಿತಿ ಅಂತ ಇರುತ್ತದೆ, ಪಂಚಾಯಿತಿ ಅಧ್ಯಕ್ಷರೇ ಅದಕ್ಕೂ ಅಧ್ಯಕ್ಷರು. ಪಿಎಚ್‌ಸಿಗೆ ಆರೋಗ್ಯ ರಕ್ಷಾ ಸಮಿತಿ. ದುಡ್ಡು ಆ ಸಮಿತಿಯ ಮೂಲಕ, ರಸೀದಿ ಜೊತೆ, ವೈದ್ಯಾಧಿಕಾರಿಗೆ ಪತ್ರ ಕೊಟ್ಟೇ ಹೋಗಲಿ. ಸಿಬ್ಬಂದಿಯ ಕೈಗೆ ನಗದು ಕೊಡಬೇಡಿ, ಅವರಿಗೂ ಕಷ್ಟ. ಔಷಧಿಯನ್ನು ಪಿಎಚ್‌ಸಿ ಫಾರ್ಮಸಿಸ್ಟ್ ಬರೆದುಕೊಟ್ಟ ಪಟ್ಟಿಯಂತೆ ಖರೀದಿಸಿ, ಅವರ ಸ್ಟಾಕ್ ಪುಸ್ತಕದಲ್ಲಿ ಏರಿಸಿ. ಸಣ್ಣಪುಟ್ಟ ಖರ್ಚಿಗೆ ಅಂತ ಉಪಕೇಂದ್ರಕ್ಕೆ ವರ್ಷಕ್ಕೆ ಬರುವ ಮುಕ್ತ ನಿಧಿ ಎಷ್ಟು, ಅದು ಯಾವುದಕ್ಕೆ ಹೋಯಿತು ಅಂತ ಮೊದಲು ಕೇಳಿ. ಅದರಲ್ಲೇ ಆಗುವ ಕೆಲಸಕ್ಕೆ ನಿಮ್ಮ ರೊಕ್ಕ ಸುಮ್ನೆ ಯಾಕೆ?

ಯಾವ ಊರಿಗೆ ಯಾವುದು?

ಕಲಬುರಗಿಯಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗಿದ್ದೀರಾ? ನಿಮಗೆ ಜಿಮ್ಸ್ ಸರ್ಕಾರಿ ಆಸ್ಪತ್ರೆ ಹತ್ತಿರ. 2024ರ ಡಿಸೆಂಬರ್‌ನಲ್ಲಿ ಶುರುವಾದ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ಹತ್ತಿರ. ಆಂಬುಲೆನ್ಸು, ಕ್ಲಿನಿಕ್ಕು ಎರಡರ ಯೋಚನೆಯನ್ನೂ ಬಿಡಿ. ಗುಳಿಗೆ, ಪಟ್ಟಿ, ಕಾರ್ಡ್ ಈ ಮೂರಕ್ಕೆ ಹಾಕಿ. ಎದೆನೋವು ಬಂದಾಗ ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇದೆ. ಬರದ ಹಾಗೆ ನೋಡಿಕೊಳ್ಳುವುದು ಊರಿನ ಕೆಲಸ.

ಚಿಂಚೋಳಿ ತಾಂಡಾ, ಹುಣಸಗಿ ಕಡೆಯ ದೂರದ ಊರು, ಮಳೆಗಾಲದಲ್ಲಿ ಹಳ್ಳ ಬಂದರೆ ರಸ್ತೆ ನಿಲ್ಲುವ ಜಾಗ ಆದರೆ, ಕ್ರೂಸರ್ ಸರದಿ ಮೊದಲು. ಹೆರಿಗೆ ದಿನ ಹತ್ತಿರ ಬಂದ ಗರ್ಭಿಣಿಯನ್ನು ವಾರ ಮೊದಲೇ ತಾಲ್ಲೂಕಿನಲ್ಲಿ ಉಳಿಸುವ ಏರ್ಪಾಟಿಗೂ ಸ್ವಲ್ಪ ದುಡ್ಡು ಎತ್ತಿಡಿ. ಯಾರಾದರೂ ದೊಡ್ಡವರು ವ್ಯಾನ್ ಕೊಡುತ್ತೇವೆ ಅಂದರೆ ಬೇಡ ಅನ್ನಬೇಡಿ, ಐದು ವರ್ಷಕ್ಕೆ ಬರೆಸಿಕೊಳ್ಳಿ. ಬೀದರ್ ಗಡಿಯ ಊರುಗಳಿಂದ ಜನ ಹೈದರಾಬಾದಿಗೆ ಹೋಗಿ ಬರುತ್ತಾರೆ. ಅಲ್ಲಿ ಬರೆಸಿಕೊಂಡು ಬಂದ ಚೀಟಿ, ರಿಪೋರ್ಟು ಎಲ್ಲವನ್ನೂ ಇಲ್ಲಿನ ಸಿಎಚ್‌ಒಗೆ ತೋರಿಸಿ, ಅದೇ ಔಷಧಿ ಇಲ್ಲೇ ಸಿಗುತ್ತದೆಯೇ ನೋಡುವ ಅಭ್ಯಾಸ ಮಾಡಿಸಿ. ತಿಂಗಳ ಬಸ್ ಚಾರ್ಜೇ ಉಳಿಯುತ್ತದೆ.

ಲಕ್ಷದ ಒಳಗಿನ ದುಡ್ಡಾದರೆ ಬಾಗಿಲು, ನೀರು, ಸ್ಟ್ರಿಪ್. ಐದು ಲಕ್ಷವಾದರೆ ಅದರ ಜೊತೆ ಒಂದೂವರೆ ವರ್ಷಕ್ಕೆ ಊರಿನ ಹೆಣ್ಣುಮಗಳು. ಹನ್ನೆರಡಾದರೆ ಮೇಲೆ ಹೇಳಿದ ಲೆಕ್ಕ. ನಲವತ್ತು ಲಕ್ಷ ದಾಟಿದರೆ ಆಗ ಕೂತು ಕ್ಲಿನಿಕ್ಕಿನ ಮಾತಾಡೋಣ.

ಚಿತ್ತಾಪುರದ ಹುಡುಗರಿಗೆ ನಾನು ಹೇಳಿದ್ದು ಇಷ್ಟು. ಕ್ರೂಸರ್ ಸರದಿಗೆ ವರ್ಷಕ್ಕೆ ಒಂದು ಲಕ್ಷ ಎತ್ತಿಡಿ. ಅದನ್ನು ತೆಗೆದರೆ ಉಳಿದದ್ದು ಮೂರು ವರ್ಷದ ಹತ್ತಿರ ಬರುತ್ತದೆ. ಅಷ್ಟರೊಳಗೆ ನೀವು ನೂರು ಜನ ತಿಂಗಳಿಗೆ 300 ರೂಪಾಯಿ ಹಾಕುವ ಅಭ್ಯಾಸ ಮಾಡಿಕೊಂಡರೆ 30,000 ಆಯಿತು, ನಾಲ್ಕನೇ ವರ್ಷದ ಚಿಂತೆ ಇಲ್ಲ. ಆಂಬುಲೆನ್ಸ್ ಅಂತ ಹಟ ಹಿಡಿದಿದ್ದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರ್, ನಮ್ಮೂರ ಉಪಕೇಂದ್ರ ಯಾವ ವಾರ ತೆರಿತದ ಅಂತ ನನಗ ಗೊತ್ತೇ ಇಲ್ರಿ. ಅವ್ವಗ ಕೇಳಿ ಹೇಳ್ತೀನಿ" ಅಂದ. ಮರುದಿನ ಅವನೇ ಫೋನ್ ಮಾಡಿದ. ಅವ್ವ ಹೋದ ತಿಂಗಳೂ ಹೋಗಿದ್ದಳಂತೆ. ಸಿಸ್ಟರ್ ಇದ್ದರು, ಮಷಿನ್ ಇತ್ತು, ಸ್ಟ್ರಿಪ್ ಮುಗಿದಿತ್ತು.